ಖರಾಬು ಜಮೀನಿನ ಹಕ್ಕಿಗಳು

ಪಹಣಿಯಲ್ಲಿ ‘ಖರಾಬು’ ಅಂತ ಒಂದು ಪದ ಇರುತ್ತೆ. ಸೈಟು ತಗೊಳ್ಳೋಕೆ ಓಡಾಡಿದವರಿಗೆ, ಅಣ್ಣತಮ್ಮಂದಿರ ಜೊತೆ ಜಮೀನು ಭಾಗ ಮಾಡಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ‘ಎ’ ಖರಾಬು ಅಂದ್ರೆ ಬೇಸಾಯಕ್ಕೆ ಬಾರದ ನೆಲ: ಬಂಡೆ, ಕಲ್ಲುಗುಡ್ಡೆ, ಗುಂಡಿ. ‘ಬಿ’ ಖರಾಬು ಅಂದ್ರೆ ಊರಿನ ಉಪಯೋಗಕ್ಕೆ ಬಿಟ್ಟಿದ್ದು: ಹಳ್ಳ, ದಾರಿ, ಕೆರೆ, ಸ್ಮಶಾನ. ಇವುಗಳ ಪಕ್ಕದಲ್ಲಿ ದನ ಮೇಯೋಕೆ ಬಿಟ್ಟ ಗೋಮಾಳ. ಲೆಕ್ಕ ಹಾಕುವಾಗ ಇವೆಲ್ಲ ಕಳೆದುಹೋಗುತ್ತವೆ, ಬೆಲೆ ಕಟ್ಟುವಾಗ ಯಾರೂ ಇವನ್ನ ಹಿಡಿಯಲ್ಲ.

ಏಳು ವರ್ಷದಿಂದ ಭಾನುವಾರ ಬೆಳಗ್ಗೆ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಬೆಂಗಳೂರು ಗ್ರಾಮಾಂತರದ ನಾಲ್ಕೂ ತಾಲ್ಲೂಕು ಸುತ್ತುತ್ತಾ ಇದ್ದೀನಿ. ನನ್ನ ಹಾರ್ಡ್ ಡಿಸ್ಕಿನಲ್ಲಿರೋ ಒಳ್ಳೆಯ ಹಕ್ಕಿ ಫೋಟೋಗಳನ್ನ ಒಂದು ದಿನ ಕೂತು ಜಾಗದ ಪ್ರಕಾರ ವಿಂಗಡಿಸಿದೆ. ಮುಕ್ಕಾಲು ಪಾಲು ಈ ಖರಾಬಿನಲ್ಲೇ ತೆಗೆದದ್ದು.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು, ತೂಬಗೆರೆ ಹೋಬಳಿಯ ಒಂದು ಸಣ್ಣ ಊರು. ವಾರದಲ್ಲಿ ಐದು ದಿನ ಹೆಬ್ಬಾಳದ ಕಡೆ ಆಫೀಸು, ಲ್ಯಾಪ್‌ಟಾಪು, ಟ್ರಾಫಿಕ್ಕು. ಸಹೋದ್ಯೋಗಿಗಳು ಕಬಿನಿ, ಬಂಡೀಪುರ ಅಂತ ಹೊರಡ್ತಾರೆ. ನನ್ನನ್ನೂ ಕರೀತಾರೆ. ‘ನಿಮ್ಮೂರಲ್ಲಿ ಏನಿದೆ ಮಾರಾಯ, ಕಾಡಾದ್ರೂ ಇದೆಯಾ?’ ಅಂತ ಕೇಳ್ತಾರೆ. ದಟ್ಟ ಕಾಡು ಇಲ್ಲ, ನಿಜ. ಹುಲಿ, ಆನೆ ಇಲ್ಲ. ಕಲ್ಲುಬೆಟ್ಟ, ಕುರುಚಲು, ಹುಲ್ಲು, ರಾಗಿ ಹೊಲ, ತುಂಬೋದು ಬತ್ತೋದು ಮಾಡೋ ಕೆರೆಗಳು ಇವೆ. ಇದು ಬಯಲುಸೀಮೆ. ಬಯಲಿನ ಹಕ್ಕಿಗಳಿಗೆ ಬಯಲೇ ಬೇಕು, ಕಾಡು ಕೊಟ್ಟರೆ ಬೇಡ ಅನ್ನುತ್ತವೆ. ಈ ಸರಳ ವಿಷಯ ನನ್ನ ತಲೆಗೆ ಹತ್ತೋಕೆ ಎರಡು ಮಳೆಗಾಲ ಬೇಕಾಯ್ತು.

ನನ್ನ ಹಕ್ಕಿ ವರ್ಷ ಶುರುವಾಗೋದು ಜನವರಿಯಲ್ಲಲ್ಲ, ಮೃಗಶಿರ ಮಳೆಯಲ್ಲಿ. ಜೂನ್ ಎರಡನೇ ವಾರ. ಅಲ್ಲಿಯವರೆಗೆ ಕೆಂಪಗೆ ಕಾದಿದ್ದ ಗೋಮಾಳದಲ್ಲಿ ಎರಡು ಹದ ಮಳೆ ಬಿದ್ದರೆ ಸಾಕು, ಹತ್ತು ದಿನದಲ್ಲಿ ಹಸಿರು ಗಡ್ಡ ಬಂದಂಗೆ ಹುಲ್ಲು ಮೂಡುತ್ತೆ. ಆಗ ಚಾತಕ ಕೂಗುತ್ತೆ. ಕಪ್ಪು-ಬಿಳಿ ಮೈ, ತಲೆ ಮೇಲೆ ಜುಟ್ಟು. ಮಳೆಹನಿ ಮಾತ್ರ ಕುಡಿಯೋ ಹಕ್ಕಿ ಅಂತ ಕಾವ್ಯಗಳಲ್ಲಿ ಹೆಸರಾದದ್ದು. ನಿಜದ ಚಾತಕ ಕೋಗಿಲೆಯ ನೆಂಟ, ಕಂಬಳಿಹುಳ ತಿಂದುಕೊಂಡು ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಇಟ್ಟು ಜಾಗ ಖಾಲಿ ಮಾಡುತ್ತೆ. ಕವಿಗಳಿಗೆ ಇದನ್ನ ಯಾರೂ ಹೇಳಿರಲಿಲ್ಲ ಅನ್ಸುತ್ತೆ.

ಅದೇ ಹೊತ್ತಿಗೆ ಈಚಲು ಮರಗಳಲ್ಲಿ ಗೀಜಗನ ಗಲಾಟೆ. ಗಂಡು ಹಳದಿ ಟೋಪಿ ಹಾಕ್ಕೊಂಡು ಅರ್ಧ ಗೂಡು ನೇಯುತ್ತೆ, ಹೆಣ್ಣು ಬಂದು ಒಳಗೆ ಹೊಕ್ಕು ಜಗ್ಗಿ ನೋಡುತ್ತೆ. ಒಪ್ಪಿದರೆ ಮಾತ್ರ ಕೊಳವೆ ಬಾಗಿಲು ನೇಯ್ದು ಮನೆ ಪೂರ್ತಿ. ಒಪ್ಪದಿದ್ದರೆ ಆ ಅರ್ಧ ಗೂಡು ಹಾಗೇ ನೇತಾಡುತ್ತೆ. ಹಾಳುಬಾವಿಯ ಮೇಲೆ ಬಾಗಿದ ಒಂದು ಜಾಲಿ ಮರದಲ್ಲಿ ಇಂಥ ಅರ್ಧ ಗೂಡುಗಳನ್ನೇ ಎಣಿಸ್ತಾ ನಾನು ಒಂದು ಬೆಳಗ್ಗೆ ಕಳೆದಿದ್ದೀನಿ. ಬಾವಿಯ ಮೇಲೆ ಯಾಕೆ ಅಂದ್ರೆ ಹಾವು, ಬೆಕ್ಕು ಹತ್ತೋದು ಕಷ್ಟ. ಊರಲ್ಲಿ ತೆರೆದ ಬಾವಿಗಳನ್ನ ಮುಚ್ಚಿ ಸಮ ಮಾಡ್ತಾ ಬಂದ ಹಾಗೆ ಗೀಜಗ ವಿದ್ಯುತ್ ತಂತಿಗೆ ಹೋಗಿದೆ. ಫೋಟೋಗೆ ಅದು ಅಂದವಲ್ಲ, ಆದ್ರೂ ತೆಗೀತೀನಿ. ಇವತ್ತಿನ ಸಂಗತಿ ಅದೇ ತಾನೆ.

ಈ ಎಲ್ಲ ಸಂಭ್ರಮದ ನಡುವೆ ನನಗೆ ಪ್ರಾಣ ಅಂದ್ರೆ ಟಿಟ್ಟಿಭ. ರಾತ್ರಿ ಹೊಲದ ಕಡೆಯಿಂದ ‘ಟಿಟ್ಟಿಟ್ಟೀ... ಟಿಟ್ಟೀ’ ಅಂತ ಬೈಯೋ ಹಕ್ಕಿ. ಉದ್ದ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು. ಇದಕ್ಕೆ ಗೂಡೇ ಇಲ್ಲ. ನೆಲದಲ್ಲಿ ಒಂದು ಅಂಗೈ ಅಗಲದ ತಗ್ಗು, ಸುತ್ತ ನಾಲ್ಕು ಬೆಣಚುಕಲ್ಲು, ನಡುವೆ ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ. ಎರಡು ಮೀಟರ್ ದೂರದಲ್ಲಿ ನಿಂತು ತೋರಿಸಿದರೂ ಹೊಸಬರಿಗೆ ಕಾಣಲ್ಲ. ಸುಮಾರು ನಾಲ್ಕು ವಾರ ಕಾವು ಕೂರಬೇಕು. ಮಳೆ ತಡವಾಗಿ ಬಿಸಿಲು ಸುಟ್ಟರೆ ದಂಪತಿ ಸರದಿ ಮೇಲೆ ಹೋಗಿ ಹೊಟ್ಟೆಯ ಗರಿ ನೀರಲ್ಲಿ ಅದ್ದಿಕೊಂಡು ಬಂದು ಮೊಟ್ಟೆ ತಣ್ಣಗೆ ಮಾಡ್ತವೆ. ಪಂಚತಂತ್ರದಲ್ಲಿ ಸಮುದ್ರ ಇದರ ಮೊಟ್ಟೆ ಕದ್ದಿತ್ತು, ಟಿಟ್ಟಿಭ ಗರುಡನವರೆಗೆ ದೂರು ಒಯ್ದು ವಾಪಸ್ ಪಡೆಯಿತು. ಈಗ ಕದಿಯೋದು ಜೆಸಿಬಿ. ದೂರು ಯಾರಿಗೆ ಕೊಡಬೇಕು ಅನ್ನೋದು ಟಿಟ್ಟಿಭಕ್ಕೂ ಗೊತ್ತಿಲ್ಲ, ನನಗೂ ಪೂರ್ತಿ ಗೊತ್ತಿಲ್ಲ.

ಇದನ್ನ ತೆಗೆಯೋಕೆ ನಾನು ಬೈಕ್ ಬಿಟ್ಟು ಹಳೇ ಕಾರು ತಗೊಂಡೆ. ಬಯಲಲ್ಲಿ ಕಾರೇ ಅಡಗುತಾಣ. ಮನುಷ್ಯ ಎರಡು ಕಾಲಲ್ಲಿ ನಿಂತ ಕೂಡಲೇ ಹಾರಿಹೋಗೋ ಹಕ್ಕಿ, ಕಾರಿನ ಕಿಟಕಿಯಿಂದ ಇಣುಕೋ ಲೆನ್ಸಿಗೆ ಹೆದರಲ್ಲ. ಕಿಟಕಿ ಮೇಲೆ ಬೀನ್ ಬ್ಯಾಗ್ ಇಡಬೇಕು. ನನ್ನದು ಅಮ್ಮ ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದ ಚೀಲ, ಒಳಗೆ ಮೂರು ಸೇರು ರಾಗಿ. ಅದರ ಮೇಲೆ 150-600 ಎಂಎಂ ಲೆನ್ಸ್ ಅಲ್ಲಾಡದೆ ಕೂರುತ್ತೆ. ಎಂಜಿನ್ ಆಫ್ ಮಾಡಿ ಇಪ್ಪತ್ತು ನಿಮಿಷ ಫೋನ್ ಮುಟ್ಟದೆ ಕೂತರೆ ಹಕ್ಕಿಗಳು ನಿಮ್ಮನ್ನ ಮರೆತುಬಿಡ್ತವೆ. ನಿಜ ಹೇಳ್ಬೇಕು ಅಂದ್ರೆ ಆ ಇಪ್ಪತ್ತು ನಿಮಿಷಕ್ಕಾಗಿಯೇ ನಾನು ಹೋಗೋದು.

ಹಸ್ತ, ಚಿತ್ತಾ ಮಳೆ ಬರೋ ಹೊತ್ತಿಗೆ ಅಂದ್ರೆ ಅಕ್ಟೋಬರ್‌ನಲ್ಲಿ ಬಣ್ಣ ಬದಲಾಗುತ್ತೆ. ರಾಗಿ ತೆನೆ ಕಟ್ಟಿರುತ್ತೆ. ಹಳಬರು ಇನ್ನೂ ಅಕ್ಕಡಿ ಸಾಲು ಬಿಡ್ತಾರೆ, ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ಹುಚ್ಚೆಳ್ಳು ಹಳದಿ ಹೂ ಬಿಟ್ಟಾಗ ಜೇನು, ಜೇನು ಹಿಡಿಯೋಕೆ ಕಳ್ಳಿಪೀರ. ಜೋಳದ ಮೇಲೆ ರಾಟವಾಳದ ಹಿಂಡು. ತಂತಿ ಮೇಲೆ ನೀಲಕಂಠ. ಕೂತಿದ್ದಾಗ ಮಂಕು ಕಂದು, ರೆಕ್ಕೆ ಬಿಚ್ಚಿದರೆ ಆಕಾಶಕ್ಕಿಂತ ನೀಲಿ. ನಮ್ಮ ರಾಜ್ಯಪಕ್ಷಿ. ವಿಜಯದಶಮಿ ದಿನ ಇದರ ದರ್ಶನ ಆದರೆ ಶುಭ ಅಂತ ನಂಬೋರು ಇದ್ದಾರೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನ ಪರಿಶೀಲಿಸಿತು. ಅದಕ್ಕೆ ಆಧಾರ ಸುಮಾರು 30,000 ಹವ್ಯಾಸಿಗಳು ‘ಇಬರ್ಡ್’ ಆ್ಯಪ್‌ನಲ್ಲಿ ಬರೆದಿಟ್ಟ ಪಟ್ಟಿಗಳು. ಹುಲ್ಲುಗಾವಲು, ಬಯಲಿನ ಹಕ್ಕಿಗಳು ಜೋರಾಗಿ ಇಳಿಯುತ್ತಿವೆ ಅಂತ ಅದು ಹೇಳಿತು. ಜಾಗತಿಕ ಕೆಂಪುಪಟ್ಟಿಯಲ್ಲಿ ಸ್ಥಾನವನ್ನ ಮರುಪರಿಶೀಲಿಸಬೇಕು ಅಂತ ಅದು ಸೂಚಿಸಿದ ಹದಿನಾಲ್ಕು ಜಾತಿಗಳಲ್ಲಿ ನೀಲಕಂಠವೂ ಒಂದು. ರಾಜ್ಯಪಕ್ಷಿ ಅಂತ ಹೆಸರಿಟ್ಟು, ಅದು ಕೂರೋ ಹೊಲವನ್ನ ಬಡಾವಣೆ ಮಾಡಿದರೆ ಇನ್ನೇನಾಗುತ್ತೆ.

ನವೆಂಬರ್ ಬಂದರೆ ಹೊಸಕೋಟೆ. ಬೆಂಗಳೂರಿನ ಹಕ್ಕಿ ಫೋಟೋಗ್ರಾಫರ್‌ಗಳಿಗೆ ಹೊಸಕೋಟೆ ಕೆರೆ ಅಂದ್ರೆ ಒಂಥರಾ ತವರು. ನಂದಿಬೆಟ್ಟದ ಕಡೆ ಹುಟ್ಟಿ ಬರೋ ದಕ್ಷಿಣ ಪಿನಾಕಿನಿಯ ದೊಡ್ಡ ಕೆರೆ ಇದು. ನಾನು ಮೊದಲು ಹೋದಾಗ ಅರ್ಧಕ್ಕಿಂತ ಹೆಚ್ಚು ಕೆರೆ ಅಂಗಳ ಒಣಗಿತ್ತು. ಹುಲ್ಲು, ಜೊಂಡು, ಅಲ್ಲಲ್ಲಿ ಬಳ್ಳಾರಿ ಜಾಲಿ. ಒಂದು ಕಡೆ ಹುಡುಗರ ಕ್ರಿಕೆಟ್, ಇನ್ನೊಂದು ಕಡೆ ಎಮ್ಮೆ. ಮಧ್ಯೆ ಜೊಂಡಿನಲ್ಲಿ ಕೆಂಪು ರಾಟವಾಳ. ಬೆರಳುದ್ದದ ಹಕ್ಕಿ, ಮಳೆಗಾಲದಲ್ಲಿ ಗಂಡು ಬಿಳಿ ಚುಕ್ಕೆ ಹಾಕಿದ ಕುಂಕುಮದ ಹಾಗೆ ಇರುತ್ತೆ, ಸಂಸಾರ ಮುಗಿದ ಮೇಲೆ ಬಣ್ಣ ಕಳಚಿಟ್ಟು ಸಾಧಾರಣ ಗುಬ್ಬಿಯಾಗುತ್ತೆ. ಕೆಸರಿನ ಅಂಚಿನಲ್ಲಿ ಉತ್ತರದಿಂದ ಬಂದ ನೀಲಿ ಗೊರಳಿನ ಪುಟ್ಟ ಹಕ್ಕಿ, ಇಂಗ್ಲಿಷಿನವರು ಬ್ಲೂಥ್ರೋಟ್ ಅನ್ನೋದು. ಒಣ ಅಂಗಳದ ಮೇಲೆ ನೆಲಗುಬ್ಬಿ, ಅದನ್ನ ಹುಡುಕಿಕೊಂಡು ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲೋ ಚಾಣ.

ಆಮೇಲೆ 2021, 2022ರ ಮಳೆಗಳು ಸುರಿದವಲ್ಲ, ಕೆರೆ ತುಂಬಿತು. ಊರವರ ಸಂತೋಷ ಹೇಳತೀರದು. ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲ ಮಾಡಿದ ರೈತನ ಮುಂದೆ ನಿಂತು ‘ಕೆರೆ ತುಂಬಬಾರದಿತ್ತು’ ಅನ್ನೋ ಧೈರ್ಯ ಯಾವ ಹಕ್ಕಿಪ್ರೇಮಿಗೂ ಇರಬಾರದು. ನೀರು ಬಂದ ಮೇಲೆ ಹೆಜ್ಜಾರ್ಲೆಗಳು ಬಂದವು, ಬಣ್ಣದ ಕೊಕ್ಕರೆಗಳು ಬಂದವು, ನಡುನೀರಲ್ಲಿ ನಾಮದ ಕೋಳಿ, ಗುಳುಮುಳಕ, ಚಳಿಗಾಲಕ್ಕೆ ಮಧ್ಯ ಏಷ್ಯಾ, ಸೈಬೀರಿಯಾ ಕಡೆಯ ಬಾತುಗಳು. ಡಿಸೆಂಬರ್‌ನ ಮಂಜಿನಲ್ಲಿ ಹೆಜ್ಜಾರ್ಲೆಗಳ ಸಾಲು ನೀರಿಗೆ ಇಳಿಯೋದನ್ನ ನೋಡಬೇಕು. ಅಷ್ಟು ಭಾರದ ಮೈ, ಕಾಲು ಮುಂದೆ ಚಾಚಿ ನೀರಿನ ಮೇಲೆ ಜಾರಿ ನಿಲ್ಲುತ್ತೆ. ಶಟರ್ 1/2000ಕ್ಕೆ ಇಟ್ಟರೆ ಹಾರಿದ ಹನಿಗಳೂ ನಿಲ್ತವೆ. ಬೆಳಗ್ಗೆ ಸೂರ್ಯನನ್ನ ಬೆನ್ನ ಹಿಂದೆ ಹಾಕ್ಕೊಂಡು, ಆದಷ್ಟು ಕೆಳಗೆ ಕೂತು ತೆಗೀಬೇಕು. ನಿಂತು ತೆಗೆದ ಬಾತುಕೋಳಿ ಪಾಸ್‌ಪೋರ್ಟ್ ಫೋಟೋ ಇದ್ದಂಗೆ, ಮಲಗಿ ತೆಗೆದದ್ದಕ್ಕೆ ಜೀವ ಇರುತ್ತೆ.

ಆದ್ರೆ ಒಣ ಅಂಗಳದ ಹಕ್ಕಿಗಳು ಹೋದವು. ಅವಕ್ಕೇನೂ ಅನ್ಯಾಯ ಆಗಿಲ್ಲ. ನಮ್ಮ ಕಡೆಯ ಕೆರೆ ಅಂದ್ರೇನೇ ಹಾಗೆ. ಒಂದಷ್ಟು ವರ್ಷ ತುಂಬುತ್ತೆ, ಒಂದಷ್ಟು ವರ್ಷ ಬತ್ತುತ್ತೆ, ಬತ್ತುವಾಗ ಅಂಚಿನಲ್ಲಿ ಗೇಣುದ್ದ ನೀರು, ಕೆಸರು, ಹುಲ್ಲು ಬಿಟ್ಟುಕೊಡುತ್ತೆ. ಮೆಟ್ಟುಗಾಲು ಹಕ್ಕಿಗೆ, ಗದ್ದೆಗೊರವಗಳಿಗೆ ಬೇಕಾದ್ದು ಆ ಅಂಚು. ಪ್ರಶ್ನೆ ಇರೋದು ಬೇರೆ ಕಡೆ. ಈಗ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ದೇವನಹಳ್ಳಿ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರ್ತಿದೆ. ಕೋಲಾರದ ಕೆರೆಗಳಿಗೆ 2018ರಿಂದಲೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು. ಅಂತರ್ಜಲಕ್ಕೆ ಒಳ್ಳೆಯದು, ನೀರಿನ ಶುದ್ಧತೆ ಬಗ್ಗೆ ವಾದ ಇದ್ದೇ ಇದೆ. ಹಕ್ಕಿ ನೋಡುವವನಾಗಿ ನನಗೆ ಕಾಣೋದು ಇಷ್ಟು: ವರ್ಷವಿಡೀ ಏರಿಯ ಮಟ್ಟಕ್ಕೆ ನೀರು ನಿಂತ ಕೆರೆಯಲ್ಲಿ ಹೆಜ್ಜಾರ್ಲೆ ಇರುತ್ತೆ, ನೀರಕಾಗೆ ಇರುತ್ತೆ, ಉದ್ದ ಕಾಲಿನ ಸಣ್ಣ ಹಕ್ಕಿಗಳಿಗೆ ಕಾಲೂರೋ ಜಾಗ ಇರಲ್ಲ. ಕೆರೆ ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಟ್ರ್ಯಾಕ್ ಮಾಡಿ ‘ಅಭಿವೃದ್ಧಿ’ ಮಾಡಿದ ಮೇಲಂತೂ ಅಂಚು ಅನ್ನೋದೇ ಮಾಯ. ಒಂದು ಬದಿಯಾದರೂ ಇಳಿಜಾರಾಗಿ, ಕೆಸರಾಗಿ ಬಿಡಿ ಅಂತ ಕೇಳೋದು ಅಷ್ಟು ದೊಡ್ಡ ಬೇಡಿಕೆಯಾ?

ಡಿಸೆಂಬರ್, ಜನವರಿಯಲ್ಲಿ ಸಂಜೆಗಳು ಹೆಸರಘಟ್ಟದ ಹುಲ್ಲುಗಾವಲಿಗೆ. ಕಾಗದದ ಲೆಕ್ಕದಲ್ಲಿ ಅದು ನಗರ ಜಿಲ್ಲೆ, ಆದ್ರೆ ದೊಡ್ಡಬಳ್ಳಾಪುರ, ನೆಲಮಂಗಲದ ಗಡಿಗೆ ಅಂಟಿಕೊಂಡೇ ಇದೆ. ಹಕ್ಕಿಗಳು ಜಿಲ್ಲಾ ಗಡಿ ನೋಡಲ್ಲ, ನಾನೂ ನೋಡಲ್ಲ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟ ಊರು ಅದು. ಕೆರೆಯ ಆಚೆ ಹಬ್ಬಿರೋ ಹುಲ್ಲು ಬೆಂಗಳೂರಿನ ಸುತ್ತ ಉಳಿದಿರೋ ದೊಡ್ಡ ಹುಲ್ಲುಗಾವಲು. ಸೂರ್ಯ ಇಳಿಯೋ ಹೊತ್ತಿಗೆ ಅಲ್ಲಿಗೆ ಸೆಳೆವಗಳು ಬರ್ತವೆ. ಸೆಳೆವ ಅಂದ್ರೆ ಹುಲ್ಲಿನ ತುದಿಗೆ ತಾಕೋ ಹಾಗೆ ತೇಲಿಕೊಂಡು ಹೋಗೋ ಉದ್ದ ರೆಕ್ಕೆಯ ಬೇಟೆಹಕ್ಕಿ. ಗಂಡು ಬೂದುಬಣ್ಣ, ರೆಕ್ಕೆ ತುದಿ ಮಸಿಯಲ್ಲಿ ಅದ್ದಿದ ಹಾಗೆ. ಕಝಾಕಿಸ್ತಾನದಂಥ ದೇಶಗಳ ಹುಲ್ಲುಬಯಲಿನಿಂದ ಸಾವಿರಾರು ಕಿಲೋಮೀಟರ್ ಹಾರಿ ಬಂದು ನಮ್ಮಲ್ಲಿ ತಿನ್ನೋದು ಮಿಡತೆ. ಮಲಗೋದು ಮರದ ಮೇಲಲ್ಲ, ನೆಲದಲ್ಲಿ, ಹುಲ್ಲಿನ ಒಳಗೆ. ಕತ್ತಲಾಗೋ ಮುಂಚೆ ಒಂದೊಂದಾಗಿ ಬಂದು, ಎರಡು ಸುತ್ತು ಹಾಕಿ ಹುಲ್ಲೊಳಗೆ ಇಳಿದು ಮಾಯವಾಗ್ತವೆ.

ಆ ಹೊತ್ತಿಗೇ ಜೀಪುಗಳೂ ಬರ್ತವೆ. ಒಂದು ಒಳ್ಳೆ ಫೋಟೋಗಾಗಿ ಮಲಗೋಕೆ ಇಳಿದ ಹಕ್ಕಿಯನ್ನ ಗಾಡಿ ಓಡಿಸಿ ಮತ್ತೆ ಎಬ್ಬಿಸೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಹುಲ್ಲಿನ ಮೇಲೆ ಚಕ್ರದ ಗುರುತು, ಗುರುತಿನ ನಡುವೆ ಜಜ್ಜಿದ ನೆಲಗುಬ್ಬಿ ಗೂಡು. ಇನ್ನು ಕೆಲವರು ಫೋನಿನಲ್ಲಿ ಹಕ್ಕಿ ಕೂಗು ಹಾಕಿ ಕರೆಸ್ತಾರೆ. ಪಾಪದ ಹಕ್ಕಿ, ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಊಟ ಬಿಟ್ಟು ಜಗಳಕ್ಕೆ ಬರುತ್ತೆ. ನಮ್ಮ ಬೆಂಗಳೂರಿನವರೇ ಆದ ಟಿ.ಎನ್.ಎ. ಪೆರುಮಾಳ್ (1932–2017) ವನ್ಯಜೀವಿ ಛಾಯಾಗ್ರಹಣದಲ್ಲಿ ಜಗತ್ತಿನ ದೊಡ್ಡ ಹೆಸರು. ಅವರ ಕಾಲದ ಫಿಲ್ಮ್ ರೋಲಿನಲ್ಲಿ 36 ಚಿತ್ರ. ಗಂಟೆಗಟ್ಟಲೆ ಕಾದು, ಹಕ್ಕಿಯ ದಿನಚರಿ ಓದಿ, ಆಮೇಲೆ ಒಂದು ಕ್ಲಿಕ್. ಈಗ ಒಂದು ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯೋ ಕ್ಯಾಮೆರಾ ಇದೆ, ಇಪ್ಪತ್ತು ನಿಮಿಷ ಕಾಯೋ ವ್ಯವಧಾನ ಇಲ್ಲ. ನನಗೆ ಸಿಟ್ಟು ಬರೋದು ಇಲ್ಲೇ.

ಈ ಹುಲ್ಲುಗಾವಲನ್ನ ಸಂರಕ್ಷಣಾ ಮೀಸಲು ಪ್ರದೇಶ ಮಾಡಬೇಕು ಅನ್ನೋ ಪ್ರಸ್ತಾವ 2021ರಲ್ಲಿ ಬಿದ್ದುಹೋಗಿತ್ತು. 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸುಮಾರು 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ನಾನು ಆ ಸುದ್ದಿ ಓದಿದ್ದು ಆಫೀಸ್ ಕ್ಯಾಬ್‌ನಲ್ಲಿ. ಪಕ್ಕದಲ್ಲಿ ಕೂತಿದ್ದ ಅಪರಿಚಿತನಿಗೂ ಓದಿ ಹೇಳಿದೆ. ಅವನು ‘ಅಲ್ಲೇನಿದೆ ಸಾರ್, ಬರೀ ಹುಲ್ಲಲ್ವಾ?’ ಅಂದ.

ಬರೀ ಹುಲ್ಲು. ಕೇಂದ್ರ ಸರ್ಕಾರವೇ ‘ವೇಸ್ಟ್‌ಲ್ಯಾಂಡ್ ಅಟ್ಲಾಸ್’ ಅಂತ ಒಂದು ನಕ್ಷೆ ಪುಸ್ತಕ ಪ್ರಕಟಿಸುತ್ತೆ, ಕುರುಚಲು ಬಯಲು ಅದರಲ್ಲಿ ಪಾಳು ಭೂಮಿಯ ಲೆಕ್ಕಕ್ಕೆ ಬರುತ್ತೆ. ಪಹಣಿಯ ಖರಾಬು, ದೆಹಲಿಯ ವೇಸ್ಟ್‌ಲ್ಯಾಂಡ್, ಎರಡೂ ಒಂದೇ ಕಣ್ಣು. ಆ ‘ಪಾಳಿ’ನಲ್ಲಿ ಸೆಳೆವ ಮಲಗುತ್ತೆ, ಗುಳ್ಳೆನರಿ ಮರಿ ಹಾಕುತ್ತೆ, ಗೌಜಲಕ್ಕಿ ಕೂಗುತ್ತೆ, ಸಾವಿರಾರು ಕುರಿ ಮೇಯುತ್ತವೆ.

ನೆಲಮಂಗಲದ ಬಗ್ಗೆ ಹೆಚ್ಚು ಹೇಳಲ್ಲ. ಹೆದ್ದಾರಿ ಬದಿಯೆಲ್ಲ ಗೋದಾಮು. ಶಿವಗಂಗೆ ಬೆಟ್ಟದ ಬುಡದಲ್ಲಿ, ಕುಮುದ್ವತಿ ಹುಟ್ಟೋ ಕಡೆ, ಬೆಳಗ್ಗೆ ಆರೂವರೆಗೆ ಹೋದರೆ ಒಳ್ಳೆಯದು. ಎಂಟರ ಮೇಲೆ ಜನ, ಜನ ಬಂದ ಮೇಲೆ ಕೋತಿ. ದೇವನಹಳ್ಳಿಯಲ್ಲಿ ಮಾತ್ರ ಒಂದು ಜಾಗ ತಪ್ಪಿಸಬೇಡಿ, ನಲ್ಲೂರಿನ ಹುಣಸೆ ತೋಪು. 2007ರಲ್ಲಿ ಇದನ್ನ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದರು. ಸುಮಾರು 54 ಎಕರೆ, ಮುನ್ನೂರರ ಹತ್ತಿರ ಹುಣಸೆ ಮರ, ಕೆಲವಂತೂ ಪೊಟರೆಗಳಿಂದಲೇ ನಿಂತಿವೆ. ಆ ಪೊಟರೆಗಳಲ್ಲಿ ಗಿಳಿ, ಹಾಲಕ್ಕಿ. ಹಾಲಕ್ಕಿ ಅಂದ್ರೆ ಬುಡಬುಡಿಕೆಯವರು ‘ಹಾಲಕ್ಕಿ ನುಡೀತೈತೆ’ ಅಂತ ಭವಿಷ್ಯ ಹೇಳೋ ಪುಟ್ಟ ಗೂಬೆ. ಹಗಲಲ್ಲೇ ಪೊಟರೆಯಿಂದ ತಲೆ ಹೊರಗೆ ಹಾಕಿ, ತಲೆ ಮೇಲೆ ಕೆಳಗೆ ಮಾಡಿ ನಿಮ್ಮನ್ನ ಅಳೆಯುತ್ತೆ. ಅಲ್ಲಿ ನಿಂತರೆ ತಲೆ ಮೇಲೆ ಐದೈದು ನಿಮಿಷಕ್ಕೆ ವಿಮಾನ. 2008ರ ಮೇನಲ್ಲಿ ಏರ್‌ಪೋರ್ಟ್ ಬಂದ ಮೇಲೆ ಈ ತಾಲ್ಲೂಕಿನ ನೆಲದ ಬೆಲೆ ಎಲ್ಲಿಗೆ ಹೋಯ್ತು ಅಂತ ನಿಮಗೇ ಗೊತ್ತು. ಇಲ್ಲೇ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳೋಕೆ ಮೂರು ವರ್ಷಕ್ಕೂ ಮೀರಿ ಧರಣಿ ಕೂತದ್ದು, 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟದ್ದು. ಅವರು ಹೋರಾಡಿದ್ದು ರಾಗಿಗೆ, ದ್ರಾಕ್ಷಿಗೆ, ಹಸುಗಳಿಗೆ. ಅದರ ಜೊತೆಗೆ ನೀಲಕಂಠನ ತಂತಿ, ಟಿಟ್ಟಿಭದ ಬದು ಉಳಿದವು. ಯಾವ ಹಕ್ಕಿ ಸಂಘಟನೆಯೂ ಒಂದೇ ಏಟಿಗೆ ಅಷ್ಟು ನೆಲ ಉಳಿಸಿದ್ದನ್ನ ನಾನು ಈ ಭಾಗದಲ್ಲಿ ನೋಡಿಲ್ಲ.

ಬೇಸಿಗೆಗೆ ಮಾಕಳಿದುರ್ಗದ ಕಡೆ. ಬೆಟ್ಟದ ಬುಡದಲ್ಲೇ ರೈಲ್ವೆ ಸ್ಟೇಷನ್ ಇದೆ, ಕಾರಿಲ್ಲದವರಿಗೆ ಅನುಕೂಲ. ಮುತ್ತುಗ ಹೂ ಬಿಟ್ಟಿರೋ ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಮರದ ಮುಂದೆ ಕೂತರೆ ಸೂರಕ್ಕಿ, ಪಿಕಳಾರ, ಕಾಜಾಣ, ಗೊರವಂಕ ಎಲ್ಲ ಸರದಿಯಲ್ಲಿ ಬರ್ತವೆ, ನೀವು ಎಲ್ಲೂ ಅಲೆಯಬೇಕಾಗಿಲ್ಲ. ನಂದಿ ಸಾಲಿನ ಈ ಕಲ್ಲುಬೆಟ್ಟಗಳ ವಿಶೇಷ ಅಂದ್ರೆ ಹಳದಿ ಗೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆ ಬೆಟ್ಟಗಳನ್ನ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇದು ಇಲ್ಲ. ಬಂಡೆ, ಬಂಡೆಯ ಸಂದಿನ ಕುರುಚಲು, ಅದರ ಹಣ್ಣು. ಇದಕ್ಕೆ ಬೇಕಾಗಿರೋದು ಇಷ್ಟೇ. ಕ್ವಾರಿಗೆ ಬೇಕಾಗಿರೋದೂ ಅದೇ ಬಂಡೆ. ಈ ಹಕ್ಕಿಯ ಫೋಟೋ ಸಿಗೋಕೆ ನನಗೆ ಮೂರು ಬೇಸಿಗೆ ಹಿಡೀತು. ಸಿಕ್ಕಿದ್ದು ಒಂದೇ, ಅದರಲ್ಲೂ ಅರ್ಧ ಎಲೆ ಮರೆ. ಅದನ್ನೇ ದೊಡ್ಡದು ಮಾಡಿಸಿ ಮನೇಲಿ ಹಾಕಿದ್ದೀನಿ.

ಇದೇ ಹೊತ್ತಿಗೆ ದ್ರಾಕ್ಷಿ ತೋಟಗಳ ಮೇಲೆ ಬಲೆ ಬಿಗಿದಿರುತ್ತಾರೆ. ಹಕ್ಕಿ ಸಿಕ್ಕಿಹಾಕ್ಕೊಂಡು ತಲೆಕೆಳಗಾಗಿ ನೇತಾಡುತ್ತೆ. ರೈತನನ್ನ ಬೈಯೋದು ಸುಲಭ, ಗೊನೆಗೆ ನಾಲ್ಕು ಹಣ್ಣು ಕುಕ್ಕಿದರೆ ಇಡೀ ಗೊನೆಯ ಬೆಲೆ ಬೀಳುತ್ತೆ ಅನ್ನೋದು ಅವನ ಕಷ್ಟ. ಸಣ್ಣ ಕಣ್ಣಿನ, ಬಿಗಿಯಾಗಿ ಎಳೆದು ಕಟ್ಟಿದ ಬಲೆಗೆ ಹಕ್ಕಿ ಸಿಕ್ಕಲ್ಲ. ಜೋಲು ಬಿಟ್ಟ ದೊಡ್ಡ ಕಣ್ಣಿನ ಬಲೆಯಲ್ಲೇ ಸಾಯೋದು. ನಮ್ಮ ಪಕ್ಕದ ತೋಟದವರು ಇದನ್ನ ಕೇಳಿ ಬದಲಾಯಿಸಿದರು.

ಹೊಸದಾಗಿ ಶುರು ಮಾಡೋರು ಮೊದಲೇ ಲೆನ್ಸಿಗೆ ದುಡ್ಡು ಸುರೀಬೇಡಿ. ಎಂಟು-ಹತ್ತು ಸಾವಿರಕ್ಕೆ ಒಳ್ಳೆ ದುರ್ಬೀನು ಬರುತ್ತೆ. ಫೋನಿಗೆ ‘ಮರ್ಲಿನ್’ ಆ್ಯಪ್ ಹಾಕ್ಕೊಂಡರೆ ಕೂಗು ಕೇಳಿ ಹೆಸರು ಊಹಿಸುತ್ತೆ. ನೂರಕ್ಕೆ ನೂರು ನಂಬಬೇಡಿ, ಕಣ್ಣಿಗೆ ಕಂಡ ಮೇಲೇ ಬರೆದುಕೊಳ್ಳಿ. ಫೆಬ್ರವರಿಯಲ್ಲಿ ಹಿತ್ತಲ ಹಕ್ಕಿ ಗಣತಿ ನಡೆಯುತ್ತೆ, ಹದಿನೈದು ನಿಮಿಷ ಕೂತು ಎಣಿಸಿದರೆ ಸಾಕು. ಗೂಡಿನ ಫೋಟೋ, ಗೂಬೆಯ ಪೊಟರೆ, ಇವುಗಳ ಲೊಕೇಶನ್ ಹಾಕಬೇಡಿ. ಇನ್‌ಸ್ಟಾದಲ್ಲಿ ಹಾಕಿದ ಮುಂದಿನ ಭಾನುವಾರ ಹತ್ತು ಕಾರು ನಿಂತಿರುತ್ತೆ.

ಈಗ ನಮ್ಮೂರ ಗೋಮಾಳದ ಸಂಗತಿ. ಹದಿನಾಲ್ಕು ಎಕರೆ ಚಿಲ್ಲರೆ. ಒಂದು ಕಡೆ ಬಂಡೆ, ಉಳಿದದ್ದು ಹುಲ್ಲು. ನಾನು ಎಣಿಸೋಕೆ ಶುರು ಮಾಡಿದ ಮೇಲೆ ಅಲ್ಲಿ 71 ಜಾತಿಯ ಹಕ್ಕಿ ನೋಡಿದ್ದೀನಿ. ಕಳೆದ ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಹೋದರೆ ಸಾಲಾಗಿ ಗುಂಡಿ. ಬೆಂಗಳೂರಿನ ಯಾವುದೋ ಕಂಪನಿಯ ದುಡ್ಡು, ಪರಿಸರ ದಿನಕ್ಕೆ ಸಾವಿರಾರು ಸಸಿ ನೆಡೋ ಕಾರ್ಯಕ್ರಮ. ಅಲ್ಲೇ ಕುರಿ ಮೇಯಿಸ್ತಿದ್ದ ಅಜ್ಜಿ ನನ್ನನ್ನ ನೋಡಿ, ‘ಏನಪ್ಪ, ಓದಿದೋನು, ಇಲ್ಲಿ ಮರ ಬೆಳೆದ್ರೆ ನನ್ ಕುರಿ ಮರ ತಿಂತದಾ?’ ಅಂದರು. ‘ನಿನ್ ಟಿಟ್ಟಿಭ ಎಲ್ಲಿ ಮೊಟ್ಟೆ ಇಕ್ತದೆ?’ ಅಂತನೂ ಸೇರಿಸಿದರು.

ಪಂಚಾಯ್ತಿಗೆ ಹೋದೆ. ‘ಮರ ನೆಡಬೇಡಿ ಅನ್ನೋ ಪರಿಸರಪ್ರೇಮಿ ನೀನೊಬ್ಬನೇ ಕಣಪ್ಪ’ ಅಂತ ಎಲ್ಲರೂ ನಕ್ಕರು. ನಾನು ವಾದ ಮಾಡಲಿಲ್ಲ. ನಲವತ್ತು ಫೋಟೋ ಪ್ರಿಂಟ್ ಹಾಕಿಸಿದ್ದೆ, ಟೇಬಲ್ ಮೇಲೆ ಹರಡಿದೆ. ಎಲ್ಲದರ ಹಿಂದೆ ತಾರೀಖು, ‘ಗೋಮಾಳ’ ಅಂತ. ಸೆಳೆವದ ಫೋಟೋ ನೋಡಿ ಒಬ್ಬ ಸದಸ್ಯರು ‘ಇದು ನಮ್ಮೂರದಾ?’ ಅಂತ ಮೂರು ಸಲ ಕೇಳಿದರು. ಆಮೇಲೆ ಊರಿನ ಹಳೇ ನಕ್ಷೆ ತೆಗೆಸಿದ್ದು ಒಬ್ಬ ಹಿರಿಯರು. ನಕ್ಷೆಯಲ್ಲಿ ಎಲ್ಲ ಬೇರೆ ಬೇರೆ ಗುರುತು ಮಾಡಿದ್ದಾರೆ. ಹುಲ್ಲಿಗೆ ಗೋಮಾಳ, ನೀರಿಗೆ ಕೆರೆ, ಮರಕ್ಕೆ ಗುಂಡುತೋಪು. ನಮ್ಮ ಗುಂಡುತೋಪಿನಲ್ಲಿ ಈಗ ಉಳಿದಿರೋದು ಮೂರು ಮಾವು, ಒಂದು ನೇರಳೆ, ಒಂದಷ್ಟು ಒತ್ತುವರಿ. ‘ಸಸಿ ಅಲ್ಲಿ ಹಾಕ್ಸಿ, ಒತ್ತುವರಿನೂ ಬಿಡಿಸಿದಂಗಾಗ್ತದೆ’ ಅಂದರು ಹಿರಿಯರು. ಒತ್ತುವರಿ ಅನ್ನೋ ಮಾತಿಗೆ ಸಭೆ ಸ್ವಲ್ಪ ಹೊತ್ತು ಮೌನವಾಯ್ತು. ಕೊನೆಗೆ ಸಸಿಗಳಲ್ಲಿ ಅರ್ಧ ಗುಂಡುತೋಪಿಗೆ, ಇನ್ನರ್ಧ ರಸ್ತೆ ಬದಿಗೆ ಹೋದವು. ಗೋಮಾಳದ ಗುಂಡಿ ಯಾರೂ ಮುಚ್ಚಲಿಲ್ಲ. ಈ ವರ್ಷಕ್ಕೆ ಮಾತ್ರ ಬಿಟ್ಟಿದ್ದೀವಿ, ಮುಂದಿನ ವರ್ಷ ನೋಡೋಣ ಅಂದರು.

ಆರಿದ್ರಾ ಮಳೆಗೆ ಗುಂಡಿಗಳಲ್ಲಿ ನೀರು ನಿಂತಿತು, ರಾತ್ರಿಯೆಲ್ಲ ಕಪ್ಪೆ. ಒಂದು ಗುಂಡಿಯಿಂದ ಎರಡು ಮಾರು ದೂರದಲ್ಲಿ, ತೋಡಿ ಹಾಕಿದ ಮಣ್ಣಿನ ಪಕ್ಕವೇ ಟಿಟ್ಟಿಭ ನಾಲ್ಕು ಮೊಟ್ಟೆ ಇಟ್ಟಿತು. ಅಜ್ಜಿ ನಾಲ್ಕು ವಾರ ಕುರಿಗಳನ್ನ ಬಂಡೆಯ ಆಚೆಯಿಂದಲೇ ಸುತ್ತಿಸಿ ಹೊಡ್ಕೊಂಡು ಹೋದರು. ಮೂರು ಮರಿ ಆದವು. ಮೊಟ್ಟೆಯಿಂದ ಹೊರಬಂದ ದಿನವೇ ಓಡಾಡೋ ಮರಿಗಳು, ತಾಯಿ ಕೂಗಿದರೆ ನೆಲಕ್ಕೆ ಅಂಟಿ ಕಲ್ಲಾಗಿಬಿಡ್ತವೆ. ನಾನು ಕಾರಿನಿಂದ ತೆಗೆದ ಒಂದು ಫೋಟೋದಲ್ಲಿ ಮೂರೂ ಇವೆ, ಅಜ್ಜಿಗೆ ತೋರಿಸಿದರೆ ಎರಡೇ ಸಿಕ್ಕಿದವು. ಮೂರನೇದು ಎಲ್ಲಿದೆ ಅಂತ ಇನ್ನೂ ಕೇಳ್ತಾ ಇದ್ದಾರೆ.

ಮುಂದಿನ ಗ್ರಾಮಸಭೆಯಲ್ಲಿ ಗೋಮಾಳದ ವಿಷಯ ಮತ್ತೆ ಬರುತ್ತಂತೆ. ಪ್ರಿಂಟ್ ಹಾಕಿಸೋಕೆ ಈ ಸಲದ ಫೋಟೋಗಳನ್ನ ಆರಿಸಿಟ್ಟಿದ್ದೀನಿ, ಅಜ್ಜಿನೂ ಬರ್ತೀನಿ ಅಂದಿದ್ದಾರೆ.